ಅಡುಗೆಮನೆಯಲ್ಲಿ ಉಂಡರೆ ಅವಮಾನವೇ?

(ಕಳೆದ ಸಂಚಿಕೆಯಲ್ಲಿ ಅಮೆರಿಕದ ಕಪ್ಪು ಕವಿಗಳ ಕೆಲವು ಕವಿತೆಗಳ ಅನುವಾದ ಹಾಕಿದ್ದೆವು. ಮುಳ್ಳೇರಿಯ ಕಡೆಯ ನಿವೃತ್ತ ಮಾಸ್ಟ್ರೊಬ್ಬರು ಅದನ್ನು ಓದಿ ಬರೆದಿದ್ದಾರೆ: "ನೆಂಟರು ಬಂದಾಗ ನನ್ನನ್ನು ಅಡುಗೆಮನೆಗೆ ಕಳಿಸುತ್ತಾರೆ ಎಂದು ಈ ಕವಿ ಅಳುತ್ತಾನೆ. ನಮ್ಮ ಮನೆಯಲ್ಲಿ ನೆಂಟರಿಗೆ ಚಾವಡಿಯಲ್ಲಿ ಎಲೆ ಹಾಕುತ್ತೇವೆ, ನಾವು ಉಣ್ಣುವುದು ಅಡುಗೆಮನೆಯಲ್ಲೇ. ಇದರಲ್ಲಿ ಅವಮಾನ ಏನು ಬಂತು? ಇನ್ನೊಂದು ಕವಿತೆ ಬರೀ ಘೋಷಣೆ. ಕಾಸರಗೋಡಿನ ಕನ್ನಡಿಗರ ಗೋಳು ಬಿಟ್ಟು ನೀಗ್ರೋಗಳ ಗೋಳು ನಮಗೇಕೆ? ಹೀಗಾದರೆ ಮುಂದಿನ ವರ್ಷ ಚಂದಾ ಕಟ್ಟುವುದಿಲ್ಲ.")

ಮಾಸ್ಟ್ರೇ, ನಮಸ್ಕಾರ.

ನಿಮ್ಮ ಮೊದಲ ಪ್ರಶ್ನೆಗೆ ನಾನು ಸೋತೆ. ಅನುವಾದ ಓದಿ ಅಚ್ಚಿಗೆ ಕಳಿಸುವಾಗ ನನಗೆ ಇದು ಹೊಳೆಯಲೇ ಇಲ್ಲ. ನಮ್ಮ ಅಡುಗೆಮನೆಯೇ ಬೇರೆ, ಅವರದ್ದೇ ಬೇರೆ.

ಆ ಕವಿತೆ ಬರೆದ ಲ್ಯಾಂಗ್‌ಸ್ಟನ್ ಹ್ಯೂಸ್ ಹೇಳುವ ಮನೆಯಲ್ಲಿ ಅಡುಗೆ ಮಾಡುವುದು ಕಪ್ಪು ಜನ, ಬಿಳಿಯರ ಮಕ್ಕಳನ್ನು ಸಾಕುವುದೂ ಅವರೇ. ಅವರು ಮುಟ್ಟಿದ ರೊಟ್ಟಿ ಊಟದ ಮೇಜಿಗೆ ಬರಬಹುದು, ಅವರು ಮಾತ್ರ ಆ ಮೇಜಿಗೆ ಬರುವಂತಿಲ್ಲ. ನಮ್ಮಲ್ಲಿ ಲೆಕ್ಕ ತಿರುವು ಮುರುವು. ಇಲ್ಲಿ ಒಳಗೆ ಬಾರದಂತೆ ಕಾಯುತ್ತಿದ್ದುದೇ ಅಡುಗೆಮನೆಯನ್ನು. ನಾನು ಸಣ್ಣವನಿದ್ದಾಗ ಅಡಿಕೆ ಕೊಯ್ಲಿನ ದಿನ ಚಹಾ ಹೊಯ್ಯುವ ಕೆಲಸ ನನ್ನದು. ಕೊಯ್ಲಿನವರು ಅಂಗಳದ ಕೊನೆಯಲ್ಲಿ ತೆಂಗಿನ ಗೆರಟೆ ಹಿಡಿದು ಕೂರುತ್ತಿದ್ದರು. ಚೆಂಬು ಗೆರಟೆಗೆ ತಾಗಬಾರದು, ಆದ್ದರಿಂದ ಮೇಲಿಂದ ಹೊಯ್ಯಬೇಕು. ಒಂದು ಸಲ ಕೈ ತಪ್ಪಿ ಬಿಸಿ ಚಹಾ ಒಬ್ಬರ ಹೆಬ್ಬೆರಳ ಮೇಲೆ ಬಿತ್ತು. ಅವರು ಗೆರಟೆ ಅಲುಗಿಸಲಿಲ್ಲ. ಅಜ್ಜಿ ಒಳಗಿಂದ ಕೇಳಿದ್ದು, "ಚೆಂಬು ತಾಗಿತಾ?"

ಇನ್ನು 'ಅಳುತ್ತಾನೆ' ಅಂದಿರಲ್ಲ, ಇಲ್ಲಿ ಮಾತ್ರ ನಾನು ಒಪ್ಪುವುದಿಲ್ಲ. ಕವಿತೆಯ ಹುಡುಗ ಅಡುಗೆಮನೆಯಲ್ಲಿ ನಗುತ್ತಾನೆ, ಹೊಟ್ಟೆ ತುಂಬ ಉಂಡು ಗಟ್ಟಿಯಾಗುತ್ತಾನೆ. ನಾಳೆ ಮೇಜಿನಲ್ಲೇ ಕೂರುತ್ತೇನೆ, ಆಗ ನನ್ನನ್ನು ಎಬ್ಬಿಸುವ ಧೈರ್ಯ ಯಾರಿಗೂ ಇರುವುದಿಲ್ಲ ಅನ್ನುತ್ತಾನೆ.

ಈ ಹ್ಯೂಸ್ 1925ರಲ್ಲಿ ವಾಷಿಂಗ್ಟನ್ನಿನ ಹೋಟೆಲೊಂದರಲ್ಲಿ ತಟ್ಟೆ ಎತ್ತುತ್ತಿದ್ದ. ವೇಚಲ್ ಲಿಂಡ್ಸೆ ಎಂಬ ದೊಡ್ಡ ಕವಿ ಅಲ್ಲಿಗೆ ಊಟಕ್ಕೆ ಬಂದಾಗ ಮೂರು ಕವಿತೆಗಳನ್ನು ಸುಮ್ನೆ ಅವನ ತಟ್ಟೆಯ ಪಕ್ಕ ಇಟ್ಟು ಒಳಗೆ ಹೋದ. ಲಿಂಡ್ಸೆ ಅದೇ ರಾತ್ರಿ ಅವನ್ನು ಸಭೆಯಲ್ಲಿ ಓದಿದ. ಮರುದಿನ ಪತ್ರಿಕೆಯವರು ತಟ್ಟೆ ಎತ್ತುವ ಹುಡುಗನನ್ನು ಹುಡುಕಿಕೊಂಡು ಬಂದರು.

ನೀವು ಘೋಷಣೆ ಎಂದದ್ದು ಕ್ಲಾಡ್ ಮೆಕೇಯ ಕವಿತೆ. ಅವನು ಜಮೈಕಾದವನು, ಅಮೆರಿಕದ ರೈಲಿನ ಊಟದ ಬೋಗಿಯಲ್ಲಿ ಬಡಿಸುವ ಕೆಲಸ ಮಾಡುತ್ತಿದ್ದ. (ಇಬ್ಬರೂ ಊಟದ ಮೇಜಿನ ಕೆಲಸದವರೇ, ಗಮನಿಸಿದಿರಾ?) 1919ರ ಬೇಸಿಗೆಯಲ್ಲಿ ಷಿಕಾಗೋ, ವಾಷಿಂಗ್ಟನ್ ಮುಂತಾದ ಊರುಗಳಲ್ಲಿ ಬಿಳಿಯರ ಗುಂಪುಗಳು ಕಪ್ಪು ಜನರ ಮೇಲೆ ಬಿದ್ದವು. ಸಾಯುವುದೇ ಆದರೆ ಹಂದಿಗಳ ಹಾಗೆ ಸಾಯುವುದು ಬೇಡ, ತಿರುಗಿ ಹೊಡೆದು ಸಾಯೋಣ ಎಂದು ಇವನು ಬರೆದ. ಬರೆದದ್ದು ಹದಿನಾಲ್ಕು ಸಾಲಿನ ಸಾನೆಟ್, ಷೇಕ್ಸ್‌ಪಿಯರನ ಕಟ್ಟಿನಲ್ಲಿ, ಪ್ರಾಸ ತಪ್ಪದೆ. ಕಪ್ಪು, ಬಿಳಿ ಎಂಬ ಮಾತೇ ಅದರಲ್ಲಿಲ್ಲ. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಪ್ರಾಸದ ಕಟ್ಟು ಬೇಡವೆಂದು ಅದನ್ನು ಬಿಟ್ಟರು. ಮೆಕೇ ಅಷ್ಟು ಸಿಟ್ಟನ್ನು ಪ್ರಾಸದೊಳಗೇ ಬಿಗಿದ. ನಮ್ಮ ಅನುವಾದದಲ್ಲಿ ಆ ಬಿಗಿ ಬಿಚ್ಚಿಹೋಗಿದೆ. ಘೋಷಣೆಯಂತೆ ಕೇಳಿಸಿದ್ದರೆ ತಪ್ಪು ನಮ್ಮದು, ಅವನದಲ್ಲ.

ನಮ್ಮ ಗೋಳಿನ ವಿಷಯ. 1956ರಲ್ಲಿ ನಾವು ಕೇರಳಕ್ಕೆ ಸೇರಿದಂದಿನಿಂದ ಅದನ್ನು ಬರೆಯುತ್ತಲೇ ಬಂದಿದ್ದೇವೆ, ಮುಂದೆಯೂ ಬರೆಯುತ್ತೇವೆ. ಆದರೆ ಈ ಕವಿತೆಗಳು ಅಷ್ಟೇನೂ ದೂರದವಲ್ಲ. ನೀಲೇಶ್ವರದ ಕಡೆ ಹೋದರೆ ಪೊಟ್ಟನ್ ತೆಯ್ಯಂ ಎಂಬ ದೈವ ಕೆಂಡದ ರಾಶಿಯ ಮೇಲೆ ಮಲಗುತ್ತದೆ. ದಾರಿ ಬಿಡು ಎಂದ ಶಂಕರಾಚಾರ್ಯರಿಗೆ ಚಂಡಾಲ ಎದುರು ಪ್ರಶ್ನೆ ಹಾಕಿದ ಕಥೆ ಅದು. ನಿಮ್ಮನ್ನು ಕಡಿದರೂ ಬರುವುದು ರಕ್ತ, ನಮ್ಮನ್ನು ಕಡಿದರೂ ರಕ್ತವೇ ಅಲ್ವಾ ಎಂದು ಅದರ ಹಾಡಿನಲ್ಲಿದೆ. ಅದು ಮಲಯಾಳದಲ್ಲಿದೆ ಅಂತ ನಾವು ಕಿವಿ ಮುಚ್ಚಿಕೊಳ್ಳುತ್ತೇವೆಯೇ? ಹಾಂ, 'ನೀಗ್ರೋ' ಎಂಬ ಪದವನ್ನು ಹ್ಯೂಸನೂ ಬಳಸಿದ್ದ, ನಿಜ. ಈಗ ಅವರೇ ಅದನ್ನು ಬಿಟ್ಟಿದ್ದಾರೆ, ನಾವೂ ಬಿಟ್ಟಿದ್ದೇವೆ.

ಅನುವಾದ ಮುಂದೆ ಪುಸ್ತಕವಾಗಲಿದೆ. 'ಅಡುಗೆಮನೆ' ಬದಲು 'ಅಂಗಳ' ಎಂದು ಹಾಕೋಣವೇ ಅಂತ ಎರಡು ದಿನ ಯೋಚಿಸಿದೆ. ಓದಿದ ಕೂಡಲೇ ನಮಗೆ ತಟ್ಟುತ್ತದೆ, ಸರಿ. ಆದರೆ ಆ ಹುಡುಗ ನಗುವುದು ಒಳಗಿದ್ದು ಚೆನ್ನಾಗಿ ಉಂಡ ಬಲದಿಂದ. ಅಂಗಳದ ಕೊನೆಯಲ್ಲಿ ಗೆರಟೆ ಹಿಡಿದು ಕೂತವರ ಬಾಯಲ್ಲಿ ಆ ನಗುವನ್ನು ಹೇಗೆ ಇಡುವುದು? 'ಅಡುಗೆಮನೆ'ಯನ್ನೇ ಉಳಿಸಿ ಕೆಳಗೆ ನಾಲ್ಕು ಸಾಲು ಟಿಪ್ಪಣಿ ಹಾಕುವುದೆಂದು ಈಗ ಅಂದುಕೊಂಡಿದ್ದೇನೆ. ಆ ಟಿಪ್ಪಣಿ ನೀವೇ ಬರೆದು ಕಳಿಸಿ. ನಿಮ್ಮ ಮನೆಯ ಚಾವಡಿ, ಅಡುಗೆಮನೆ, ಅಂಗಳ ಮೂರೂ ಅದರಲ್ಲಿ ಬರಲಿ. ಚಂದಾ ಆಮೇಲೆ ನೋಡೋಣ.

-ಸಂ.