ಗ್ರೇವ್ಸ್ ಕಾಯಿಲೆ: ಮಾತ್ರೆಯೋ, ರೇಡಿಯೋ ಅಯೋಡಿನ್ನೋ?

ತಂಗಿಗೆ ಗ್ರೇವ್ಸ್ ಕಾಯಿಲೆ (ಥೈರಾಯ್ಡ್ ಗ್ರಂಥಿ ಅತಿಯಾಗಿ ಹಾರ್ಮೋನ್ ಸುರಿಸುವ ಕಾಯಿಲೆ), ಅದನ್ನು ತಗ್ಗಿಸುವ ಕಾರ್ಬಿಮಜೋಲ್ ಮಾತ್ರೆ ನಡೆಯುತ್ತಿದೆ, ಮುಂದಿನ ವರ್ಷ ಮಗು ಬೇಕು, ಈಗ ರೇಡಿಯೋ ಅಯೋಡಿನ್ (ಗ್ರಂಥಿಯನ್ನು ಕುಗ್ಗಿಸುವ ವಿಕಿರಣಶೀಲ ಅಯೋಡಿನ್) ಸರಿಯೇ ಎಂದು ಕೇಳಿದ್ದೀರಿ. ತೆಗೆದುಕೊಳ್ಳಬಹುದು, ಆದರೆ ಆಮೇಲೆ ಕನಿಷ್ಠ 6 ತಿಂಗಳು ಗರ್ಭ ಧರಿಸುವಂತಿಲ್ಲ. ಕಣ್ಣು ಉಬ್ಬಿದ್ದರೆ, ಕೆಂಪಾಗಿದ್ದರೆ ಮೊದಲು ಕಣ್ಣಿನ ವೈದ್ಯರಿಗೆ ತೋರಿಸಿ. ಅಯೋಡಿನ್‌ನಿಂದ ಆ ಕಣ್ಣಿನ ತೊಂದರೆ ಉಲ್ಬಣಿಸಬಹುದು. ಅಂಥವರಿಗೆ ನುರಿತ ಸರ್ಜನ್ ಕೈಯಲ್ಲಿ ಥೈರಾಯ್ಡ್ ತೆಗೆಯುವ ಶಸ್ತ್ರಚಿಕಿತ್ಸೆ ಮೇಲು ಎಂಬುದು ನನ್ನ ಅನಿಸಿಕೆ. ಎರಡರ ನಂತರವೂ ಸಾಮಾನ್ಯವಾಗಿ ಜೀವನಪೂರ್ತಿ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ ಮಾತ್ರೆ) ಬೇಕು, ಅದಕ್ಕೆ ಹೆದರಬೇಡಿ.

ಮಾತ್ರೆಯಲ್ಲೇ ಇದ್ದರೆ 12ರಿಂದ 18 ತಿಂಗಳು. ನಿಲ್ಲಿಸಿದ ಮೇಲೆ ಸುಮಾರು ಅರ್ಧದಷ್ಟು ಜನರಿಗೆ ಕಾಯಿಲೆ ಮರುಕಳಿಸುತ್ತದೆ. ಗರ್ಭದ ಮೊದಲ ತಿಂಗಳುಗಳಲ್ಲಿ ಕಾರ್ಬಿಮಜೋಲ್ ಬದಲು ಪಿಟಿಯು (ಪ್ರೊಪೈಲ್ ಥಯೋಯುರಾಸಿಲ್) ಎಂಬ ಇನ್ನೊಂದು ಮಾತ್ರೆ ಕೊಡುತ್ತಾರೆ, ಹಾಗಾಗಿ ಯೋಜನೆಯನ್ನು ವೈದ್ಯರಿಗೆ ಈಗಲೇ ತಿಳಿಸಿ. ಒಂದು ಮಾತು ದಯವಿಟ್ಟು ಮರೆಯಬೇಡಿ: ಈ ಮಾತ್ರೆಗಳಿಂದ ಅಪರೂಪಕ್ಕೆ ಬಿಳಿ ರಕ್ತಕಣಗಳು ಕುಸಿಯಬಹುದು, ಹಾಗಾಗಿ ಜ್ವರ, ಗಂಟಲು ನೋವು ಬಂದರೆ ಮಾತ್ರೆ ನಿಲ್ಲಿಸಿ ಅಂದೇ ಬಿಳಿ ರಕ್ತಕಣಗಳ ಪರೀಕ್ಷೆ ಮಾಡಿಸಿ.