ಗೂಡು, ಬೂಷ್ಟು, ಬೆಳ್ಳಕ್ಕಿ: ಫೋಟೊ ಹವ್ಯಾಸಿಗಳ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ "ಯಾವ ಕ್ಯಾಮೆರಾ ತಗೊಳ್ಳಲಿ" ಎಂಬುದೇ. ಎಲ್ಲದಕ್ಕೂ ಸೇರಿಸಿ ಮೊದಲ ಉತ್ತರ ಬರೆದಿದ್ದೇನೆ. ಮೈಸೂರಿನಿಂದ ಬಂದ ಪತ್ರಕ್ಕೆ ಮಾತ್ರ ಉತ್ತರ ಉದ್ದವಾಯಿತು. ಅದು ಬೇಕಿತ್ತು.

ಪ್ರಶ್ನೆ: ನಾನು ಬಿ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿನಿ. ಹಕ್ಕಿ ಫೋಟೊ ತೆಗೆಯುವ ಆಸೆ. ಸದ್ಯಕ್ಕೆ ಇರುವುದು ಮೊಬೈಲ್ ಒಂದೇ. ದೂರದ್ದನ್ನು ಹತ್ತಿರ ತೋರಿಸುವ 600 ಎಂ.ಎಂ. ಲೆನ್ಸ್ ಇಲ್ಲದಿದ್ದರೆ ಹಕ್ಕಿ ಕಡೆ ತಿರುಗಿಯೂ ನೋಡಬೇಡ ಅಂತಾರೆ ಸ್ನೇಹಿತರು. ಟ್ಯೂಷನ್ ಹೇಳಿ 30,000 ರೂಪಾಯಿ ಕೂಡಿಟ್ಟಿದ್ದೇನೆ. ಏನು ತಗೊಳ್ಳಲಿ? (ಲಕ್ಷ್ಮೇಶ್ವರ)

ಉತ್ತರ: ಒಂದು ಚಳಿಗಾಲ ಏನೂ ತಗೊಳ್ಳಬೇಡಿ. ದುಡ್ಡು ಹಾಗೇ ಇರಲಿ. ನಿಮ್ಮೂರಿನ ಹತ್ತಿರವೇ ಮಾಗಡಿ ಕೆರೆ ಇದೆ, ಅಲ್ವಾ? 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವುದು ಅಲ್ಲಿ. ಬೇರೆ ಊರಿನವರು ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದು ನೋಡುವ ಹಕ್ಕಿ ಅದು. ನೀವು ಬೆಳಿಗ್ಗೆ ನೋಡಿಕೊಂಡು ಕಾಲೇಜಿಗೆ ಹೋಗಬಹುದು.

ವಾರಕ್ಕೆ ಎರಡು ದಿನವಾದರೂ ಹೋಗಿ. ಹೊಲದಲ್ಲಿ ಮೇಯ್ದು ಹಿಂಡು ಕೆರೆಗೆ ವಾಪಸ್ ಬರುವುದು ಎಷ್ಟು ಗಂಟೆಗೆ, ಯಾವ ದಿಕ್ಕಿನಿಂದ, ಗಾಳಿ ಜೋರಾಗಿದ್ದ ದಿನ ಎಲ್ಲಿ ಇಳಿಯುತ್ತದೆ, ಇದೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಆಮೇಲೆ ಮೊಬೈಲ್ ತೆಗೆಯಿರಿ. ಮೊದಲು ಅದರ ಲೆನ್ಸ್ ಒರೆಸಿ, ಜೇಬಿನಲ್ಲಿಟ್ಟು ಜಿಡ್ಡಾಗಿರುತ್ತದೆ. ಬೆರಳಿನಿಂದ ಎಳೆದು ಝೂಮ್ ಮಾಡಬೇಡಿ, ಹಾಗೆ ಮಾಡಿದರೆ ಚಿತ್ರ ಒಡೆಯುತ್ತದೆ. ಪರದೆಯ ಮೇಲೆ ಆಕಾಶದ ಭಾಗವನ್ನು ಒತ್ತಿ ಹಿಡಿದರೆ ಫೋಕಸ್ಸೂ ಬೆಳಕೂ ಅಲ್ಲೇ ನಿಲ್ಲುತ್ತವೆ. ಆಗ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆದರೆ ಆಕಾಶದ ಬಣ್ಣ ಉಳಿಯುತ್ತದೆ. ಕೆಂಪು ಆಕಾಶ, ಅದರ ಮೇಲೆ ಸಾಲಾಗಿ ಹಾರುವ ನೂರಾರು ಹೆಬ್ಬಾತು. ಇದಕ್ಕೆ 600 ಎಂ.ಎಂ. ಬೇಡ. ಅಷ್ಟು ಉದ್ದದ ಲೆನ್ಸಿನಲ್ಲಿ ಈ ಚಿತ್ರ ಬರುವುದೇ ಇಲ್ಲ.

ಚಳಿಗಾಲ ಮುಗಿದ ಮೇಲೂ ಆಸೆ ಇಷ್ಟೇ ಗಟ್ಟಿ ಇದ್ದರೆ ಸೆಕೆಂಡ್ ಹ್ಯಾಂಡ್ ನೋಡಿ. ಹಳೆಯ ಡಿ.ಎಸ್.ಎಲ್.ಆರ್. (ಲೆನ್ಸ್ ಬದಲಾಯಿಸಬಹುದಾದ ಕ್ಯಾಮೆರಾ) ಬಾಡಿ, ಜೊತೆಗೆ 55–250 ಅಥವಾ 70–300 ಎಂ.ಎಂ. ಝೂಮ್ ಲೆನ್ಸ್. ಬಾಡಿಗಿಂತ ಲೆನ್ಸಿಗೆ ಜಾಸ್ತಿ ದುಡ್ಡು ಇಡಿ, ಏಕೆಂದರೆ ಬಾಡಿ ಬೇಗ ಹಳೆಯದಾಗುತ್ತದೆ, ಲೆನ್ಸ್ ಹತ್ತಿಪ್ಪತ್ತು ವರ್ಷ ಬಾಳುತ್ತದೆ. ಹಗಲಿನಲ್ಲೇ ಹೋಗಿ ನೋಡಿ, ಟಾರ್ಚ್ ತಗೊಂಡು ಹೋಗಿ. ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿದರೆ ಬೂಷ್ಟು ಇದ್ದಲ್ಲಿ ಜೇಡರ ಬಲೆಯಂಥ ಎಳೆಗಳು ಕಾಣುತ್ತವೆ. ಲೆನ್ಸಿನ ಕಿಂಡಿಯನ್ನು ಎಫ್/16ಕ್ಕೆ ಕಿರಿದು ಮಾಡಿ ಬಿಳಿ ಗೋಡೆಯ ಫೋಟೊ ತೆಗೆಯಿರಿ. ಒಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಕಲೆಯಿದ್ದರೆ ಕಪ್ಪು ಚುಕ್ಕೆಯಾಗಿ ಬರುತ್ತದೆ. ಶಟರ್ ಎಷ್ಟು ಸಲ ಓಡಿದೆ ಎಂದು ಕೇಳಿ. ಮಾರುವವರು ಹೇಳಲು ಹಿಂದೆಮುಂದೆ ನೋಡಿದರೆ ಸುಮ್ನೆ ಎದ್ದು ಬನ್ನಿ.

ಪ್ರಶ್ನೆ: ನಮ್ಮ ಕಾಂಪೌಂಡಿನ ದಾಸವಾಳ ಗಿಡದಲ್ಲಿ ಪಿಕಳಾರ ಗೂಡು ಕಟ್ಟಿತ್ತು. ಎಲೆ ಅಡ್ಡ ಬರುತ್ತೆ ಎಂದು ನಮ್ಮ ಯಜಮಾನರು ಎರಡು ಕೊಂಬೆ ಕತ್ತರಿಸಿಕೊಟ್ಟರು. ಮರಿಗೆ ಗುಟುಕು ಕೊಡುವ ಫೋಟೊ ತುಂಬಾ ಚೆನ್ನಾಗಿ ಬಂತು. ಒಂದು ಸ್ಪರ್ಧೆಗೆ ಕಳಿಸಿದರೆ ಗೂಡಿನ ಚಿತ್ರ ತಗೊಳ್ಳುವುದಿಲ್ಲ ಎಂದು ವಾಪಸ್ ಕಳಿಸಿದರು. ನಮ್ಮಿಂದ ಏನು ತಪ್ಪಾಯಿತು? (ಗೃಹಿಣಿ, ಮೈಸೂರು)

ಉತ್ತರ: ಅಮ್ಮಾ, ನೀವು ಕೇಳಿದ್ದು ಒಳ್ಳೆಯದಾಯಿತು. ಈಗ ಬಹಳ ಸ್ಪರ್ಧೆಗಳಲ್ಲಿ ಗೂಡಿನ ಚಿತ್ರ ತಗೊಳ್ಳುವುದಿಲ್ಲ. ಆ ನಿಯಮ ಸರಿಯಾಗಿಯೇ ಇದೆ. ನಿಮಗೆ ಬೇಜಾರಾಗುತ್ತದೆ ಎಂದು ಗೊತ್ತಿದ್ದೂ ಹೇಳುತ್ತಿದ್ದೇನೆ.

ಪಿಕಳಾರದ ಗೂಡು ತೆರೆದ ಬಟ್ಟಲಿನ ಹಾಗೆ. ಅದಕ್ಕೆ ಬಾಗಿಲಿಲ್ಲ, ಸೂರಿಲ್ಲ. ನೀವು ಕತ್ತರಿಸಿದ ಎಲೆಗಳೇ ಅದರ ಸೂರು. ಆ ಗಿಡದಲ್ಲಿ ಆ ಜಾಗವನ್ನೇ ಹಕ್ಕಿ ಹುಡುಕಿದ್ದು ಎಲೆಗಾಗಿ. ರೆಕ್ಕೆಪುಕ್ಕ ಬರದ ಮರಿ ಮಧ್ಯಾಹ್ನದ ಬಿಸಿಲು ತಡೆಯುವುದಿಲ್ಲ, ನೆರಳು ಹೋದರೆ ಒಂದು ಗಂಟೆಯೂ ಕಷ್ಟ. ಇನ್ನು ಕಾಗೆ, ಕೆಂಬೂತ. ಎರಡೂ ಮೊಟ್ಟೆ, ಮರಿ ತಿನ್ನುತ್ತವೆ. ಕಾಗೆಗೆ ಮನುಷ್ಯರನ್ನು ನೋಡುತ್ತಾ ಕೂರುವ ಅಭ್ಯಾಸ ಬೇರೆ. ನೀವು ದಿನಕ್ಕೆ ನಾಲ್ಕು ಸಲ ಒಂದೇ ಗಿಡದ ಮುಂದೆ ನಿಂತರೆ ಅಲ್ಲೇನೋ ಇದೆ ಎಂದು ಅದಕ್ಕೆ ನೀವೇ ತೋರಿಸಿಕೊಟ್ಟ ಹಾಗೆ.

ಇನ್ನೊಂದು ವಿಷಯ. ಬಾಯಲ್ಲಿ ಹುಳ ಹಿಡಿದು ವೈರಿನ ಮೇಲೆ ಕೂತು ಕೂಗುವ ತಾಯಿಹಕ್ಕಿಯನ್ನು ನೋಡಿ "ಪೋಸ್ ಕೊಡ್ತಾ ಇದೆ" ಅಂತಾರೆ. ಅದು ಪೋಸ್ ಅಲ್ಲ. ನೀವು ಗೂಡಿನ ಹತ್ತಿರ ಇರುವುದರಿಂದ ಅದು ಕೆಳಗೆ ಇಳಿಯುತ್ತಿಲ್ಲ. ಅಷ್ಟು ಹೊತ್ತು ಮರಿಗೆ ತುತ್ತಿಲ್ಲ. ಮರಿ ಮೊಟ್ಟೆಯಿಂದ ಹೊರಬಂದು ಹಾರುವವರೆಗೆ ಸಿಗುವುದು ಸುಮಾರು ಎರಡು ವಾರ. ಅಷ್ಟರಲ್ಲಿ ಅದು ಪೂರ್ತಿ ಬೆಳೆಯಬೇಕು.

ನಾನೂ ಇದೇ ತಪ್ಪು ಮಾಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು. ರೀಲ್ ಹಾಕುವ ಕ್ಯಾಮೆರಾ ಕಾಲ. ಸಿಂಪಿಗ ಹಕ್ಕಿ ಎಲೆ ಹೊಲಿದು ಗೂಡು ಮಾಡಿತ್ತು. ಅಡ್ಡ ಬಂದ ಒಂದು ಎಲೆಯನ್ನು ಬಟ್ಟೆ ಕ್ಲಿಪ್ ಹಾಕಿ ಪಕ್ಕಕ್ಕೆ ಸರಿಸಿದೆ. ಫೋಟೊ ಮುಗಿದ ಮೇಲೆ ಕ್ಲಿಪ್ ತೆಗೆದೂ ಬಿಟ್ಟೆ. ಆದರೆ ಎಲೆ ಮೊದಲಿನ ಹಾಗೆ ಕೂರಲಿಲ್ಲ. ಮಾರನೇ ದಿನ ಬೆಳಿಗ್ಗೆ ಗೂಡು ಖಾಲಿ. ಗಿಡದ ಕೆಳಗೆ ಕಾಗೆ. ಆ ನೆಗೆಟಿವ್ ಇನ್ನೂ ನನ್ನ ಹತ್ತಿರ ಇದೆ, ಯಾರಿಗೂ ತೋರಿಸಿಲ್ಲ.

ಹಳೆಯ ಕಾಲದ ದೊಡ್ಡ ಛಾಯಾಗ್ರಾಹಕರೆಲ್ಲ ಗೂಡಿನ ಚಿತ್ರ ತೆಗೆದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ತೆಗೆದಿದ್ದಾರೆ. ಆಗಿನ ಫಿಲ್ಮ್ ನಿಧಾನದ್ದು, ಜಾಸ್ತಿ ಬೆಳಕು ಬೇಕು, ಉದ್ದನೆಯ ಲೆನ್ಸ್ ಸಿಗುವುದೇ ಕಷ್ಟ. ಹಕ್ಕಿ ಖಂಡಿತ ವಾಪಸ್ ಬರುವ ಜಾಗ ಎಂದರೆ ಗೂಡು ಒಂದೇ. ಹಾಗಾಗಿ ಮರೆ ಕಟ್ಟಿಕೊಂಡು ಗಂಟೆಗಟ್ಟಲೆ ಒಳಗೆ ಕೂರುತ್ತಿದ್ದರು. ಈಗ ಆ ತೊಂದರೆ ನಮಗಿಲ್ಲ. ಮೇಲಾಗಿ ಗೂಡು ಗೊತ್ತಾದ ಅರ್ಧ ಗಂಟೆಯಲ್ಲಿ ವಾಟ್ಸಾಪ್‌ನಲ್ಲಿ ಹತ್ತು ಜನಕ್ಕೆ ಗೊತ್ತಾಗುತ್ತದೆ, ಹತ್ತೂ ಜನ ಬರುತ್ತಾರೆ. ಎಲ್ಲಕ್ಕಿಂತ ದೊಡ್ಡ ಅಪಾಯ ಇದೇ ಎಂದು ನನಗನ್ನಿಸುತ್ತದೆ.

ಮುಂದಿನ ಸಲ ಹೀಗೆ ಮಾಡಿ. ಮನೆಯ ಕಿಟಕಿಯೇ ನಿಮ್ಮ ಮರೆ. ಲೈಟ್ ಆರಿಸಿ, ಪರದೆಯ ಸಂದಿಯಲ್ಲಿ ಲೆನ್ಸ್ ಇಡಿ. ಗೂಡು ಬಿಟ್ಟುಬಿಡಿ. ಪಿಕಳಾರ ಹುಳ ಹಿಡಿಯುವುದು, ಮಳೆಯಲ್ಲಿ ಮೈ ಕೊಡವುವುದು, ಹಾರಲು ಕಲಿತ ಮರಿ ಕಾಂಪೌಂಡ್ ಗೋಡೆ ಮೇಲೆ ಬಾಯಿ ತೆರೆದು ಕೂರುವುದು, ಇವೆಲ್ಲ ಅಲ್ಲಿಂದಲೇ ಸಿಗುತ್ತವೆ. ನೆರಳಿನಲ್ಲಿ ಒಂದು ಮಣ್ಣಿನ ಬೋಗುಣಿಯಲ್ಲಿ ನೀರಿಡಿ, ದಿನಾ ನೀರು ಬದಲಾಯಿಸಿ.

ಗೂಡುಗಳನ್ನೇ ನೋಡಬೇಕೆಂದರೆ ನಿಮಗೆ ರಂಗನತಿಟ್ಟು ಹತ್ತಿರ. ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನಿಂದ 1940ರಲ್ಲಿ ಪಕ್ಷಿಧಾಮವಾದ ಜಾಗ. ಅಲ್ಲಿ ಬಣ್ಣದ ಕೊಕ್ಕರೆ, ಚಮಚಕೊಕ್ಕುಗಳು ಕಾವೇರಿಯ ನಡುಗಡ್ಡೆಯ ಮರಗಳ ಮೇಲೆ ಗೂಡು ಕಟ್ಟುತ್ತವೆ. ದೋಣಿ ತನ್ನ ದಾರಿಯಲ್ಲಿ ಹೋಗುತ್ತದೆ, ಹಕ್ಕಿಗಳಿಗೆ ಅದು ಅಭ್ಯಾಸವಾಗಿದೆ. ಮದ್ದೂರಿನ ಹತ್ತಿರದ ಕೊಕ್ಕರೆ ಬೆಳ್ಳೂರಿಗೂ ಹೋಗಿ. ಅಲ್ಲಿ ಹೆಜ್ಜಾರ್ಲೆಗಳು (ಪೆಲಿಕನ್) ಮನೆ ಪಕ್ಕದ ಹುಣಸೆ ಮರದಲ್ಲೇ ಸಂಸಾರ ಮಾಡುತ್ತವೆ. ಕೆಳಗೆ ಬಿದ್ದ ಮರಿಗಳನ್ನು ಊರಿನವರು ಸಾಕಿ ಬಿಡುತ್ತಾರೆ. ನಿಮ್ಮ ಯಜಮಾನರನ್ನೂ ಕರೆದುಕೊಂಡು ಹೋಗಿ.

ಪ್ರಶ್ನೆ: ಬೆಳ್ಳಕ್ಕಿ ಫೋಟೊ ಯಾವಾಗಲೂ ಬರೀ ಬಿಳಿ ಮುದ್ದೆಯಾಗಿ ಬರುತ್ತದೆ. ರೆಕ್ಕೆಯ ಗೆರೆ ಒಂದೂ ಕಾಣುವುದಿಲ್ಲ. (ದಾವಣಗೆರೆ)

ಉತ್ತರ: ಕಪ್ಪು ನೀರು ಜಾಸ್ತಿ, ಹಕ್ಕಿ ಚಿಕ್ಕದು. ಕ್ಯಾಮೆರಾ ನೀರನ್ನು ನೋಡಿ ಕತ್ತಲೆ ಎಂದುಕೊಂಡು ಬೆಳಕು ಜಾಸ್ತಿ ಬಿಡುತ್ತದೆ. ಪ್ಲಸ್-ಮೈನಸ್ ಗುಂಡಿಯಲ್ಲಿ ಮೈನಸ್ 1ಕ್ಕೆ ಇಳಿಸಿ. ಬೆಳ್ಳಕ್ಕಿ ಚೌಕಟ್ಟು ತುಂಬ ಬಂದಾಗ ಮಾತ್ರ ಉಲ್ಟಾ, ಸ್ವಲ್ಪ ಪ್ಲಸ್ ಬೇಕಾಗುತ್ತದೆ. ಬೆಳಿಗ್ಗೆ ಒಂಬತ್ತರೊಳಗೆ ತೆಗೆಯಿರಿ.

ಪ್ರಶ್ನೆ: ಹೋದ ಮಳೆಗಾಲದಲ್ಲಿ ನನ್ನ ಲೆನ್ಸಿಗೆ ಬೂಷ್ಟು ಬಂತು. ಒಲೆ ಮೇಲಿನ ಅಟ್ಟದಲ್ಲಿಟ್ಟರೆ ಬೆಚ್ಚಗಿರುತ್ತೆ ಅಂತಾರೆ ನಮ್ಮತ್ತೆ. ಅಕ್ಕಿ ಡಬ್ಬಿಯಲ್ಲಿ ಹೂತಿಡು ಅಂತಾರೆ ಗೆಳತಿಯರು. ಯಾವುದು ಸರಿ? (ತೀರ್ಥಹಳ್ಳಿ)

ಉತ್ತರ: ನಿಮ್ಮತ್ತೆಯವರ ಯೋಚನೆ ಸರಿ ಇದೆ. ಬೂಷ್ಟಿಗೆ ಬೇಕಾದ್ದು ತೇವ, ಅಟ್ಟದಲ್ಲಿ ತೇವ ಇರುವುದಿಲ್ಲ. ಆದರೆ ಒಲೆಯ ಹೊಗೆ ಲೆನ್ಸಿನ ಮೇಲೆ ಜಿಡ್ಡಾಗಿ ಕೂರುತ್ತದೆ. ಅಕ್ಕಿ ಬೇಡವೇ ಬೇಡ, ಅದರ ಹುಡಿ ಒಳಗೆ ಸೇರುತ್ತದೆ.

ಗಾಳಿಯಾಡದ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಒಂದಿಷ್ಟು ಸಿಲಿಕಾ ಜೆಲ್, ತೇವ ತೋರಿಸುವ ಒಂದು ಪುಟ್ಟ ಮೀಟರ್. ಇಷ್ಟೇ ಸಾಕು. ಮೀಟರ್ ಶೇ. 40ರಿಂದ 50ರ ನಡುವೆ ಇರಲಿ. ನಿಮ್ಮಲ್ಲಿ ಜುಲೈ ತಿಂಗಳಲ್ಲಿ ಹೊರಗೆ 90 ದಾಟುತ್ತದೆ, ಬಟ್ಟೆ ವಾರವಾದರೂ ಒಣಗುವುದಿಲ್ಲ, ಲೆನ್ಸ್ ಮಾತ್ರ ಹೇಗೆ ಒಣಗಿರುತ್ತದೆ ಹೇಳಿ. ನೀಲಿ ಜೆಲ್ ತೇವ ಕುಡಿದಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲೇ ಮಾಡಿ, ಆ ನೀಲಿ ಬಣ್ಣ ಹೊಟ್ಟೆಗೆ ಹೋಗಬಾರದು. ಕ್ಯಾಮೆರಾ ಬ್ಯಾಗಿನಲ್ಲಿ ತಿಂಗಳುಗಟ್ಟಲೆ ಇಡಬೇಡಿ, ಅದರೊಳಗಿನ ಸ್ಪಂಜು ನೀರು ಹೀರಿಕೊಂಡಿರುತ್ತದೆ.

ಈಗಾಗಲೇ ಬಂದಿರುವ ಬೂಷ್ಟನ್ನು ನೀವೇ ಬಿಚ್ಚಲು ಹೋಗಬೇಡಿ, ರಿಪೇರಿ ಮಾಡುವವರ ಹತ್ತಿರ ಬೇಗ ಕೊಡಿ. ತಡವಾದರೆ ಗಾಜಿನ ಮೇಲಿನ ಲೇಪ ತಿಂದುಹಾಕುತ್ತದೆ, ಒರೆಸಿದರೂ ಗುರುತು ಉಳಿಯುತ್ತದೆ.

ಹಾಗಂತ ಮಳೆಗಾಲವಿಡೀ ಡಬ್ಬಿಯಲ್ಲೇ ಮುಚ್ಚಿಡಬೇಡಿ. ನೀವಿರುವ ಜಾಗದಲ್ಲಿ ಜೂನ್, ಜುಲೈ ಎಂದರೆ ಕಪ್ಪೆಗಳ ಹಬ್ಬ. ಆಗುಂಬೆ ಅಷ್ಟು ಹತ್ತಿರ. ಒಂದು ಕೊಡೆ, ಒಂದು ಟಾರ್ಚು, ಗಂಬೂಟು ಇದ್ದರೆ ಹಿತ್ತಲಲ್ಲೇ ರಾತ್ರಿ ಎಂಟಕ್ಕೆ ಶುರು ಮಾಡಬಹುದು. ಬೂಟು ಹಾಕುವ ಮೊದಲು ಕೊಡವಿ ನೋಡಿ. ಕಪ್ಪೆಯನ್ನು ಕೈಯಲ್ಲಿ ಎತ್ತಿ ಚಂದದ ಎಲೆ ಮೇಲೆ ಕೂರಿಸಬೇಡಿ, ಅದರ ಚರ್ಮ ತುಂಬಾ ಸೂಕ್ಷ್ಮ.

ಪ್ರಶ್ನೆ: ಕಬಿನಿಗೆ ಎರಡು ಸಲ ಹೋದೆವು. ಹುಲಿ ಕಾಣಲಿಲ್ಲ. ತೆಗೆದ ಫೋಟೊಗಳೂ ಅಲುಗಾಡಿವೆ. ದುಡ್ಡು ದಂಡ ಆಯಿತಲ್ಲ ಎಂದು ಬೇಸರ. (ದಂಪತಿ, ಬೆಂಗಳೂರು)

ಉತ್ತರ: ಅಲುಗಾಟಕ್ಕೆ ಕಾರಣ ಜೀಪಿನ ಎಂಜಿನ್. ನಿಂತಾಗ ಆರಿಸಲು ಚಾಲಕರನ್ನು ಕೇಳಿಕೊಳ್ಳಿ. ಹಳೆಯ ಜೀನ್ಸಿನ ಕಾಲು ಕತ್ತರಿಸಿ ಎರಡು ಕಡೆ ಹೊಲಿದು ಅವರೆಕಾಳೋ ಅಕ್ಕಿಯೋ ತುಂಬಿದರೆ ಒಳ್ಳೆಯ ದಿಂಬಾಗುತ್ತದೆ. ಜೀಪಿನ ಕಂಬಿಯ ಮೇಲೆ ಅದನ್ನಿಟ್ಟು, ಅದರ ಮೇಲೆ ಲೆನ್ಸ್ ಇಡಿ. ಶಟರ್ ವೇಗ ಸೆಕೆಂಡಿನ 1/500ಕ್ಕಿಂತ ನಿಧಾನ ಬೇಡ, ಬೆಳಕು ಸಾಲದಿದ್ದರೆ ಐ.ಎಸ್.ಒ. (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ಕ್ಕೆ ಏರಿಸಿ. ಚುಕ್ಕೆಚುಕ್ಕೆ ಬಂದ ಫೋಟೊ ನೋಡಬಹುದು, ಅಲುಗಾಡಿದ್ದನ್ನು ನೋಡಲು ಆಗುವುದಿಲ್ಲ.

ಹುಲಿ ವಿಷಯಕ್ಕೆ ಬಂದರೆ, ಮಾರ್ಚ್‌ನಿಂದ ಮೇವರೆಗೆ ಹೋಗಿ ನೋಡಿ. ಹಿನ್ನೀರು ಇಳಿದು ದಡದಲ್ಲಿ ಹಸಿರು ಹುಲ್ಲು ಚಿಗುರಿದಾಗ ಆನೆಗಳು ಹಿಂಡು ಹಿಂಡಾಗಿ ಇಳಿಯುತ್ತವೆ. ಸಂಜೆ ಬೆಳಕಿನಲ್ಲಿ ಮರಿಗಳನ್ನು ಮಧ್ಯೆ ಇಟ್ಟುಕೊಂಡು ನಡೆಯುವ ಆ ಸಾಲನ್ನು ನೋಡಿದವರು ದುಡ್ಡು ದಂಡ ಅನ್ನುವುದಿಲ್ಲ. ಕಾಡಿನಲ್ಲಿ ಮಾತು ನಿಲ್ಲಿಸಿ ಕಿವಿ ಕೊಡಿ. ಮರದ ಮೇಲಿನ ಮುಸುವ ಒಂದೇ ಕಡೆ ನೋಡಿಕೊಂಡು ಕೆಮ್ಮಿದ ಹಾಗೆ ಕೂಗಿದರೆ, ಜಿಂಕೆ ಬಾಲ ಎತ್ತಿ ನಿಂತರೆ, ಹುಲಿಯೋ ಚಿರತೆಯೋ ಹತ್ತಿರ ಇರಬಹುದು. ಕಾಣದಿದ್ದರೂ ಆ ಹತ್ತು ನಿಮಿಷ ಮರೆಯುವಂಥದ್ದಲ್ಲ. ಇನ್ನಷ್ಟು ಹತ್ತಿರ ಹೋಗಿ ಎಂದು ಚಾಲಕರ ಕೈಗೆ ದುಡ್ಡು ಮಾತ್ರ ತುರುಕಬೇಡಿ.

ಇದೇ ಪತ್ರದಲ್ಲಿ ಕಾಡಿನಲ್ಲಿ ಡ್ರೋನ್ ಹಾರಿಸಬಹುದೇ ಎಂದೂ ಕೇಳಿದ್ದೀರಿ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಇಲ್ಲ. ಚಿಕ್ಕ ಡ್ರೋನಿಗೂ ಇದೇ ಉತ್ತರ.

ಪ್ರಶ್ನೆ: ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಬಳೆ ಮಾರುವ ಅಜ್ಜಿಯ ಫೋಟೊ ತೆಗೆಯಲು ಹೋದೆ. "ಏನ್ ತಮ್ಮಾ, ನಾವೇನ್ ಗೊಂಬಿ ಏನು?" ಎಂದು ಬೈದರು. ಅವತ್ತಿನಿಂದ ಜನರ ಫೋಟೊ ತೆಗೆಯಲು ಹೆದರಿಕೆ. (ಹುಬ್ಬಳ್ಳಿ)

ಉತ್ತರ: ಅಜ್ಜಿ ಕೇಳಿದ್ದು ನ್ಯಾಯವಾದ ಪ್ರಶ್ನೆ. ದೂರದಿಂದ ಲೆನ್ಸ್ ತಿರುಗಿಸಿದರೆ ಯಾರಿಗೂ ಹಾಗೇ ಅನ್ನಿಸುತ್ತದೆ. ಕ್ಯಾಮೆರಾ ಬ್ಯಾಗಿನಲ್ಲಿಟ್ಟು ಮೊದಲು ಕೂತು ಮಾತಾಡಿ. ಯಾವ ಊರು, ಎಷ್ಟು ವರ್ಷದಿಂದ ಬರುತ್ತಾರೆ, ಈ ಸಲ ವ್ಯಾಪಾರ ಹೇಗೆ. ಮನೆಯವರಿಗೆ ಒಂದು ಡಜನ್ ಬಳೆ ತಗೊಳ್ಳಿ. ಆಮೇಲೆ "ಅಜ್ಜಿ, ಒಂದು ಫೋಟೊ ತೆಗೀಲೇನ್ರಿ?" ಎಂದು ಕೇಳಿ. ಬೇಡ ಎಂದರೆ ಕೈಮುಗಿದು ಎದ್ದುಬಿಡಿ.

ಅಂಥ ದಿನ ಸಂಜೆ ಬಾದಾಮಿಯ ಅಗಸ್ತ್ಯ ತೀರ್ಥ ಕೆರೆಯ ದಡಕ್ಕೆ ಹೋಗಿ. ಭೂತನಾಥ ಗುಡಿ ಕೆರೆಯ ಪೂರ್ವದ ದಡದಲ್ಲಿದೆ, ಹಾಗಾಗಿ ಮುಳುಗುವ ಸೂರ್ಯನ ಬೆಳಕು ನೇರ ಅದರ ಮುಖಕ್ಕೇ ಬೀಳುತ್ತದೆ. ಹಿಂದಿನ ಕೆಂಪು ಬಂಡೆ ಇನ್ನೂ ಕೆಂಪಾಗುತ್ತದೆ.

ಅಜ್ಜಿ ಹೂಂ ಅಂದರೆ ಮಾತ್ರ ಒಂದು ಕೆಲಸ ಬಾಕಿ ಇರುತ್ತದೆ. ಆ ಫೋಟೊ ಪ್ರಿಂಟ್ ಹಾಕಿಸಿ. ಅವರಿಗೆ ಮೊಬೈಲ್‌ನಲ್ಲಿ ಕಳಿಸುವುದು ಬೇಡ, ಕಾಗದದ ಮೇಲೆ ಇರಲಿ. ಜಾತ್ರೆ ಪ್ರತಿವರ್ಷ ಬನದ ಹುಣ್ಣಿಮೆಗೆ ಬರುತ್ತದೆ, ಬಳೆ ಅಂಗಡಿ ಹೆಚ್ಚುಕಡಿಮೆ ಅದೇ ಜಾಗದಲ್ಲಿರುತ್ತದೆ. ಮುಂದಿನ ವರ್ಷ ಹೋಗುವಾಗ ಮರೆಯದೆ ಜೇಬಿನಲ್ಲಿಟ್ಟುಕೊಳ್ಳಿ.