ಗಾಳಿಯ ಎಸ್‌ಸಿಎಫ್‌ಎಂನಿಂದ ಹಬೆಯ ಕೆ.ಜಿ.ಗೆ: ಸೇಫ್ಟಿ ವಾಲ್ವ್‌ನ ಲೆಕ್ಕ
ನಿಮ್ಮ ಸೇಫ್ಟಿ ವಾಲ್ವ್‌ನ (ಒತ್ತಡ ಮಿತಿ ಮೀರಿದಾಗ ತಾನಾಗಿ ತೆರೆದುಕೊಳ್ಳುವ ವಾಲ್ವ್) ನೇಮ್‌ಪ್ಲೇಟಿನಲ್ಲಿ 1000 ಎಸ್‌ಸಿಎಫ್‌ಎಂ (ಪ್ರಮಾಣಿತ ತಾಪಮಾನ, ಒತ್ತಡದಲ್ಲಿ ಅಳೆದ, ನಿಮಿಷಕ್ಕೆ ಇಷ್ಟು ಘನ ಅಡಿ) ಗಾಳಿ ಎಂದಿದ್ದು, ಅದು ಗಂಟೆಗೆ 2077 ಕೆ.ಜಿ. ಆಗುವುದರಿಂದ ಗಂಟೆಗೆ 1800 ಕೆ.ಜಿ. ಹಬೆ ಬರುವ ಪಾತ್ರೆಗೆ ಸಾಕಲ್ಲವೇ ಎಂದು ಕೇಳಿದ್ದೀರಿ. ಸಾಲದು. ದಯವಿಟ್ಟು ಅದನ್ನು ಅಲ್ಲಿ ಕೂರಿಸಬೇಡಿ.

ನಿಮ್ಮ ಗುಣಾಕಾರದಲ್ಲಿ ತಪ್ಪಿಲ್ಲ. 60 ಡಿಗ್ರಿ ಫ್ಯಾರನ್‌ಹೀಟ್ ಮತ್ತು 14.7 ಪಿಎಸ್‌ಐ ಒತ್ತಡದಲ್ಲಿ ಒಂದು ಘನ ಅಡಿ ಗಾಳಿ ಸುಮಾರು 0.0763 ಪೌಂಡ್ ತೂಗುತ್ತದೆ; ಹಾಗಾಗಿ ಒಂದು ಎಸ್‌ಸಿಎಫ್‌ಎಂ ಎಂದರೆ ಗಂಟೆಗೆ 4.58 ಪೌಂಡ್. ಆದರೆ ಹೀಗೆ ಬಂದ 2077 ಕೆ.ಜಿ. ಗಾಳಿಯ ತೂಕ, ಹಬೆಯದಲ್ಲ.

ವಾಲ್ವ್ ತೆರೆದಾಗ ನಾಜಲ್‌ನಲ್ಲಿ (ಒಳಗಿನ ಕಿರಿದಾದ ದಾರಿಯಲ್ಲಿ) ಹರಿವು ಶಬ್ದದ ವೇಗವನ್ನು ಮುಟ್ಟುತ್ತದೆ. ಆ ಸ್ಥಿತಿಯಲ್ಲಿ ಎಷ್ಟು ತೂಕ ಹೊರಬೀಳುತ್ತದೆ ಎಂಬುದು ಮುಖ್ಯವಾಗಿ ಅಣುತೂಕವನ್ನು ನಿರಪೇಕ್ಷ ತಾಪಮಾನದಿಂದ ಭಾಗಿಸಿ ತೆಗೆದ ವರ್ಗಮೂಲವನ್ನು ಅವಲಂಬಿಸಿದೆ. ಗಾಳಿಯ ಅಣುತೂಕ ಸುಮಾರು 29, ಹಬೆಯದು 18. ಮೇಲಾಗಿ ಹಬೆ ಬಹಳ ಬಿಸಿ. ಅಂದರೆ ಅದೇ ತೂತಿನಿಂದ, ಅದೇ ಒತ್ತಡದಲ್ಲಿ, ಹಬೆ ಕಡಿಮೆ ತೂಕವನ್ನೇ ಹೊರಹಾಕುತ್ತದೆ. ಎಎಸ್‌ಎಂಇ (ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆ) ಸೂತ್ರದಲ್ಲಿ ಸಂತೃಪ್ತ ಹಬೆಯ (ಆ ಒತ್ತಡದಲ್ಲಿ ಕುದಿಯುವ ನೀರಿನಷ್ಟೇ ಬಿಸಿಯಿರುವ ಹಬೆ) ಗುಣಕ 51.5. ಗಾಳಿಗೆ 356ನ್ನು 28.97/520ರ ವರ್ಗಮೂಲದಿಂದ ಗುಣಿಸಿದರೆ 84 ಬರುತ್ತದೆ (356 ಗಾಳಿಯ ಸ್ಥಿರಾಂಕ, 28.97 ಅದರ ಅಣುತೂಕ, 520 ಎಂದರೆ 60 ಡಿಗ್ರಿ ಫ್ಯಾರನ್‌ಹೀಟ್‌ನ ನಿರಪೇಕ್ಷ ತಾಪಮಾನ). ವಾಲ್ವ್‌ನ ಗುಣಾಂಕ, ವಿಸ್ತೀರ್ಣ, ಒತ್ತಡ ಮೂರೂ ಎರಡು ಕಡೆಯೂ ಒಂದೇ ಆದ್ದರಿಂದ ಅವು ಹೊರಟುಹೋಗಿ, ಉಳಿಯುವುದು 84/51.5, ಅಂದರೆ 1.63 ಮಾತ್ರ. 4580 ಪೌಂಡ್ ಗಾಳಿಯನ್ನು ಇದರಿಂದ ಭಾಗಿಸಿದರೆ ಸುಮಾರು 2806 ಪೌಂಡ್, ಅಂದರೆ ಗಂಟೆಗೆ 1273 ಕೆ.ಜಿ. ಹಬೆ. ನಿಮಗೆ ಬೇಕಾದದ್ದಕ್ಕೆ ಇನ್ನೂ 500 ಕೆ.ಜಿ.ಗಿಂತ ಹೆಚ್ಚಿನ ಕೊರತೆ! ಒಂದು ಎಸ್‌ಸಿಎಫ್‌ಎಂ ಗಾಳಿಗೆ ಗಂಟೆಗೆ 1.27 ಕೆ.ಜಿ. ಸಂತೃಪ್ತ ಹಬೆ ಎಂದು ನಾನು ನನ್ನ ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲೇ ಬರೆದಿಟ್ಟುಕೊಂಡಿದ್ದೇನೆ.

ಸೆಟ್ ಪ್ರೆಶರ್ (ವಾಲ್ವ್ ತೆರೆಯತೊಡಗುವ ಒತ್ತಡ) ಬದಲಿಸಿದರೆ ಸಾಮರ್ಥ್ಯವೂ ಬದಲಾಗುತ್ತದೆ. ಆಗ ಗೇಜ್ ಒತ್ತಡಗಳ (ವಾತಾವರಣದ ಒತ್ತಡ ಬಿಟ್ಟು ಮಾಪಕ ತೋರಿಸುವ ಅಂಕಿಗಳ) ಅನುಪಾತವನ್ನು ಹಿಡಿಯಬೇಡಿ. 150 ಪಿಎಸ್‌ಐ ಸೆಟ್‌ಗೆ ಶೇ 10 ಓವರ್‌ಪ್ರೆಶರ್ (ಸೆಟ್‌ಗಿಂತ ಮೇಲೇರುವ ಒತ್ತಡ) ಮತ್ತು ವಾತಾವರಣದ 14.7 ಸೇರಿಸಿದರೆ 179.7, 100ಕ್ಕೆ ಹಾಗೆಯೇ 124.7. ಅನುಪಾತ 0.694, ನೇರವಾಗಿ ಭಾಗಿಸಿದಾಗ ಬರುವ 0.667 ಅಲ್ಲ.

ನಿಮ್ಮ ಹಬೆ ಸೂಪರ್‌ಹೀಟ್ ಆಗಿದ್ದರೆ (ಸಂತೃಪ್ತ ಹಬೆಗಿಂತ ಹೆಚ್ಚು ಬಿಸಿಯಾಗಿದ್ದರೆ) 1273 ಇನ್ನೂ ಕುಗ್ಗುತ್ತದೆ. ನೇಮ್‌ಪ್ಲೇಟಿನಲ್ಲಿ ನೀರಿನ ಜಿಪಿಎಂ (ನಿಮಿಷಕ್ಕೆ ಇಷ್ಟು ಗ್ಯಾಲನ್) ಮಾತ್ರ ಇದ್ದರಂತೂ ಈ ಭಾಗಾಕಾರ ನಡೆಯುವುದೇ ಇಲ್ಲ, ಏಕೆಂದರೆ ದ್ರವದ ಹರಿವಿನ ಸೂತ್ರವೂ ಪರೀಕ್ಷೆಯಲ್ಲಿ ಪಡೆದ ಗುಣಾಂಕವೂ ಬೇರೆ. ಹೊಸ ವಾಲ್ವ್ ತರಿಸುವಾಗ ಗಾಳಿಯ ಅಂಕಿಯನ್ನು ಬರೆಯದೆ, ನಿಮ್ಮ ಸೆಟ್ ಪ್ರೆಶರ್‌ನಲ್ಲಿ ಗಂಟೆಗೆ ಕನಿಷ್ಠ 1800 ಕೆ.ಜಿ. ಸಂತೃಪ್ತ ಹಬೆ ಎಂದೇ ಆರ್ಡರ್‌ನಲ್ಲಿ ನಮೂದಿಸಿ.